ಮಾರಾಟದ ಹೊಸ ತಂತ್ರಜ್ಞಾನ ಮತ್ತು ರೈತನಿಗೆ ದೊರೆಯುವ ಧಾರಣೆ

ಬೆಳೆ ಬೆಳೆಯುವುದು ಒಂದು ವಿದ್ಯೆಯಾದರೆ ಬೆಳೆದುದನ್ನು ಮಾರುವುದು ಇನ್ನೊಂದು ವಿದ್ಯೆ. ಉತ್ತಮ ತಳಿ, ಸಕಾಲದ ಬಿತ್ತನೆ, ಸಮತೋಲನ ಗೊಬ್ಬರ, ಸಸ್ಯಸಂರಕ್ಷಣೆ ಇವೆಲ್ಲವನ್ನೂ ಚಾಚೂ ತಪ್ಪದೆ ಅನುಸರಿಸಿ ಎಕರೆಗೆ ಎರಡು ಕ್ವಿಂಟಾಲ್ ಹೆಚ್ಚು ಇಳುವರಿ ಪಡೆದ ರೈತನು, ಮಾರುಕಟ್ಟೆಯ ಪ್ರಾಂಗಣದಲ್ಲಿ ಒಂದೇ ಗಂಟೆಯಲ್ಲಿ ಆ ಲಾಭವನ್ನು ಕಳೆದುಕೊಳ್ಳುವುದುಂಟು. ಇದನ್ನು ತಪ್ಪಿಸಬೇಕೆಂಬ ಉದ್ದೇಶದಿಂದ ಕಳೆದ ಎರಡೂವರೆ ದಶಕಗಳಲ್ಲಿ ಅನೇಕ ಹೊಸ ಸಾಧನಗಳು ಬಂದಿವೆ. ಮೊಬೈಲ್ ದೂರವಾಣಿಗೆ ಬರುವ ಧಾರಣೆಯ ಸಂದೇಶ, ಹಳ್ಳಿಯ ಗಣಕಯಂತ್ರ ಕೇಂದ್ರ, ಮಾರುಕಟ್ಟೆಯ ಇ-ಟೆಂಡರ್, ವಿದ್ಯುನ್ಮಾನ ಉಗ್ರಾಣ ರಸೀದಿ ಇವು ಅವುಗಳಲ್ಲಿ ಮುಖ್ಯವಾದವು.

ಈ ಸಾಧನಗಳಿಂದ ರೈತನ ಕೈಗೆ ನಿಜವಾಗಿ ಎಷ್ಟು ಹೆಚ್ಚು ಹಣ ಬಂದಿದೆ? ಎಲ್ಲಿ ಬಂದಿದೆ, ಎಲ್ಲಿ ಬಂದಿಲ್ಲ? ಈ ಪ್ರಶ್ನೆಗಳನ್ನು ಹಿಡಿದು ದೇಶವಿದೇಶಗಳ ಸಂಶೋಧಕರು ಲೆಕ್ಕ ಹಾಕಿ ನೋಡಿದ್ದಾರೆ. ಅವರ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ತಂತ್ರಜ್ಞಾನವು ತಾನೇ ಬೆಲೆ ಏರಿಸುವುದಿಲ್ಲ. ರೈತನ ಮುಂದೆ ಎರಡನೆಯ ಕೊಳ್ಳುವವನನ್ನು ತಂದು ನಿಲ್ಲಿಸಿದಾಗ, ಅಥವಾ ಇಂದು ಬೇಡವೆಂದು ಹೇಳಿ ಮಾಲನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಅವನಿಗೆ ಕೊಟ್ಟಾಗ ಮಾತ್ರ ಅದು ಫಲ ಕೊಡುತ್ತದೆ. ಈ ಅಂಶವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಹಿಂದೆ ದೇಶದ ಹಲವು ಪೇಟೆಗಳಲ್ಲಿ ಕೊಳ್ಳುವವನೂ ದಲಾಲನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಧಾರಣೆ ನಿಶ್ಚಯಿಸುತ್ತಿದ್ದರು. ಮಾಲಿನ ಒಡೆಯನಾದ ರೈತನಿಗೆ ಯಾರು ಎಷ್ಟು ಕೂಗಿದರೆಂಬುದೇ ತಿಳಿಯುತ್ತಿರಲಿಲ್ಲ. ಈ ಬಗೆಯ ಅನ್ಯಾಯವನ್ನು ತಡೆಯಲು ನಿಯಂತ್ರಿತ ಮಾರುಕಟ್ಟೆಗಳು ಹುಟ್ಟಿಕೊಂಡವು. ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರಾಟ ನಿಯಂತ್ರಣ ಕಾಯಿದೆಯು ಇದಕ್ಕೆ ಭದ್ರವಾದ ತಳಹದಿಯನ್ನು ಹಾಕಿತು. ಸರಿಯಾದ ತೂಕ, ಬಹಿರಂಗ ಹರಾಜು ಅಥವಾ ಟೆಂಡರ್, ಲಿಖಿತ ಪಟ್ಟಿ ಇವು ಆ ವ್ಯವಸ್ಥೆಯ ಕೊಡುಗೆಗಳು.

ಆದರೂ ಕೆಲವು ದೋಷಗಳು ಉಳಿದವು. ಚೀಟಿ ಟೆಂಡರಿನಲ್ಲಿ ಚೀಟಿಗಳನ್ನು ತೆರೆದು ಓದಿ ಬರೆದುಕೊಳ್ಳುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಒಂದು ದಿನ ನೂರಾರು ರಾಶಿಗಳು ಬಂದರೆ ಎಲ್ಲಕ್ಕೂ ಸರಿಯಾಗಿ ದರ ಕೂಗಲು ಆಗುತ್ತಿರಲಿಲ್ಲ. ಒಂದು ಮಾರುಕಟ್ಟೆಯ ಪರವಾನಗಿ ಪಡೆದ ವರ್ತಕನು ಇನ್ನೊಂದು ಮಾರುಕಟ್ಟೆಯಲ್ಲಿ ಕೊಳ್ಳಬೇಕಾದರೆ ಅಲ್ಲಿಯೂ ಪ್ರತ್ಯೇಕ ಪರವಾನಗಿ ಪಡೆಯಬೇಕಾಗಿತ್ತು. ಹೀಗಾಗಿ ಪ್ರತಿಯೊಂದು ಪೇಟೆಯೂ ತನ್ನದೇ ಗೋಡೆಯೊಳಗಿನ ಪ್ರಪಂಚವಾಗಿತ್ತು. ಕೊಳ್ಳುವವರು ನಾಲ್ಕೈದು ಜನ ಮಾತ್ರವಿದ್ದು ಅವರು ಪರಸ್ಪರ ಬಲ್ಲವರಾಗಿದ್ದರೆ ಪೈಪೋಟಿಯ ಮಾತೆಲ್ಲಿ?

ಮೊದಲ ಹಂತ: ಧಾರಣೆಯ ಸುದ್ದಿ

ಸಂಶೋಧನೆಯ ಮೊದಲ ಹಂತದಲ್ಲಿ ಎಲ್ಲರ ಗಮನ ಸುದ್ದಿಯ ಮೇಲಿತ್ತು. ಬೇರೆ ಪೇಟೆಯ ಧಾರಣೆ ರೈತನಿಗೆ ತಿಳಿದರೆ ಅವನು ಮೋಸ ಹೋಗುವುದಿಲ್ಲ ಎಂಬುದು ಆಗಿನ ನಂಬಿಕೆ. ಇದಕ್ಕೆ ಬಲ ಕೊಟ್ಟದ್ದು ನೆರೆಯ ಕೇರಳದ ಒಂದು ಅಧ್ಯಯನ.

ಕಾಸರಗೋಡು, ಕಣ್ಣೂರು ಮತ್ತು ಕೋಳಿಕ್ಕೋಡು ಜಿಲ್ಲೆಗಳ ಕರಾವಳಿಯಲ್ಲಿ 1997ರಿಂದ 2001ರ ಅವಧಿಯಲ್ಲಿ ಮೊಬೈಲ್ ದೂರವಾಣಿ ಸೇವೆ ಒಂದೊಂದೇ ಭಾಗಕ್ಕೆ ಬಂದಿತು. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರು ಅಲ್ಲಿನ ಮೀನುಪೇಟೆಗಳ ಧಾರಣೆಯನ್ನು ವಾರವಾರವೂ ದಾಖಲಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದೂರವಾಣಿ ಬರುವ ಮೊದಲು 1997ರ ಜನವರಿ 14ರಂದು ಬಡಗರದ ಕಡಲತೀರದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನು ಚೆಲ್ಲುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಪೇಟೆಗಳಲ್ಲಿ 27 ಮಂದಿ ಕೊಳ್ಳುವವರು ಮೀನು ಸಿಗದೆ ಬರಿಗೈಯಲ್ಲಿ ಹಿಂದಿರುಗಲು ಸಿದ್ಧರಾಗಿದ್ದರು. ದೂರವಾಣಿ ಬಂದ ನಂತರ ಮೀನುಗಾರರು ಸಮುದ್ರದಿಂದಲೇ ವಿಚಾರಿಸಿ ಬೇಡಿಕೆಯಿರುವ ದಡಕ್ಕೆ ದೋಣಿಯನ್ನು ತಿರುಗಿಸತೊಡಗಿದರು. ಚೆಲ್ಲುವುದು ಬಹುತೇಕ ನಿಂತುಹೋಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಹೆಚ್ಚಿತು. ಕೊಳ್ಳುವವರಿಗೂ ಬೆಲೆ ಶೇಕಡಾ 4ರಷ್ಟು ಇಳಿಯಿತು.

ಈ ಫಲಿತಾಂಶವನ್ನು ನೋಡಿ ಎಲ್ಲೆಡೆ ಧಾರಣೆಯ ಸಂದೇಶ ಸೇವೆಗಳು ಆರಂಭವಾದವು. ಆದರೆ ಹೊಲದ ಬೆಳೆಗಳಲ್ಲಿ ಅದೇ ಫಲ ದೊರೆಯಲಿಲ್ಲ. ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಇಂಥ ಒಂದು ಸಂದೇಶ ಸೇವೆಯನ್ನು ಕೆಲವು ಹಳ್ಳಿಗಳ ರೈತರಿಗೆ ಉಚಿತವಾಗಿ ಕೊಟ್ಟು, ಉಳಿದ ಹಳ್ಳಿಗಳೊಡನೆ ಹೋಲಿಸಿ ನೋಡಲಾಯಿತು. ಫಾಫ್‌ಶಾಂಪ್ಸ್ ಮತ್ತು ಮಿಂಟೆನ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಂದೇಶ ಪಡೆದ ರೈತರಿಗೆ ದೊರೆತ ಧಾರಣೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಪಶ್ಚಿಮ ಬಂಗಾಳದ ಆಲೂಗಡ್ಡೆ ಬೆಳೆಗಾರರಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಪ್ರತಿದಿನದ ಸಗಟು ಧಾರಣೆಯನ್ನು ತಿಳಿಸಿದ್ದರಿಂದ ರೈತರಿಗೆ ಸಿಕ್ಕ ಸರಾಸರಿ ಬೆಲೆ ಏರಲಿಲ್ಲ. ಅಲ್ಲಿಯ ರೈತರು ಊರಿನ ವ್ಯಾಪಾರಿಗೇ ಮಾಲು ಕೊಡುತ್ತಿದ್ದರು. ದೊಡ್ಡ ಪೇಟೆಗೆ ತಾವೇ ಹೋಗಿ ಮಾರುವ ದಾರಿ ಅವರಿಗೆ ಇರಲಿಲ್ಲ. ಹೋಗಲು ಆಗದ ಪೇಟೆಯ ಧಾರಣೆಯನ್ನು ತಿಳಿದು ಪ್ರಯೋಜನವೇನು?

ಮಧ್ಯಪ್ರದೇಶದ ಸೋಯಾ ಅವರೆ ಬೆಳೆಗಾರರ ಅನುಭವ ಇವೆರಡಕ್ಕಿಂತ ಭಿನ್ನವಾಗಿದೆ. 2000ದ ಅಕ್ಟೋಬರಿನಿಂದ ಐಟಿಸಿ ಕಂಪನಿಯು ಅಲ್ಲಿ ಇ-ಚೌಪಾಲ್ ಎಂಬ ಹೆಸರಿನ ಗಣಕಯಂತ್ರ ಕೇಂದ್ರಗಳನ್ನು ತೆರೆದು ಧಾರಣೆಯನ್ನು ತಿಳಿಸುವುದರ ಜೊತೆಗೆ, ತನ್ನದೇ ಉಗ್ರಾಣಗಳಲ್ಲಿ ನೇರವಾಗಿ ಖರೀದಿಯನ್ನೂ ಆರಂಭಿಸಿತು. ಅಪರಾಜಿತಾ ಗೋಯಲ್ ಅವರ 2010ರ ಅಧ್ಯಯನದಂತೆ, ಇಂಥ ಕೇಂದ್ರಗಳು ಬಂದ ಜಿಲ್ಲೆಗಳ ಸರ್ಕಾರಿ ಮಂಡಿಗಳಲ್ಲಿಯೂ ಸೋಯಾ ಧಾರಣೆ ಶೇಕಡಾ 1ರಿಂದ 3ರಷ್ಟು ಏರಿತು. ಸೋಯಾ ಬೆಳೆಯುವ ಪ್ರದೇಶವೂ ಹೆಚ್ಚಿತು. ಇಲ್ಲಿ ರೈತನಿಗೆ ಸುದ್ದಿ ಮಾತ್ರವಲ್ಲದೆ ಎರಡನೆಯ ಗಿರಾಕಿಯೂ ಸಿಕ್ಕಿದ್ದನು. ಮಂಡಿಯ ವರ್ತಕರು ಬೆಲೆ ಏರಿಸದಿದ್ದರೆ ಮಾಲು ಉಗ್ರಾಣಕ್ಕೆ ಹೋಗುವ ಭಯವಿತ್ತು.

ಈ ನಾಲ್ಕು ಅಧ್ಯಯನಗಳ ಸಾರವಿಷ್ಟು: ಕೇರಳದ ಮೀನುಗಾರನು ದೋಣಿಯನ್ನು ತಿರುಗಿಸಬಲ್ಲವನಾಗಿದ್ದನು, ಬಂಗಾಳದ ರೈತನು ಗಾಡಿಯನ್ನು ತಿರುಗಿಸಲಾರದವನಾಗಿದ್ದನು. ಫಲ ಭೇದಕ್ಕೆ ಕಾರಣ ದೂರವಾಣಿಯಲ್ಲ, ತಿಳಿದುದನ್ನು ಕಾರ್ಯಕ್ಕೆ ತರುವ ಅವಕಾಶ.

ಎರಡನೆಯ ಹಂತ: ಇ-ಟೆಂಡರ್

ಸುದ್ದಿ ಮುಟ್ಟಿಸುವುದಷ್ಟೇ ಸಾಲದು, ಕೊಳ್ಳುವವರ ಸಂಖ್ಯೆಯನ್ನೇ ಹೆಚ್ಚಿಸಬೇಕು ಎಂಬ ವಿಚಾರ ಎರಡನೆಯ ಹಂತಕ್ಕೆ ದಾರಿ ಮಾಡಿತು. ಇದರಲ್ಲಿ ಕರ್ನಾಟಕವು ದೇಶಕ್ಕೆ ಮೊದಲಾಯಿತು. 2013ರ ಕೃಷಿ ಮಾರಾಟ ನೀತಿಯ ಬೆನ್ನಿಗೇ ರಾಜ್ಯ ಸರ್ಕಾರವೂ ಒಂದು ಖಾಸಗಿ ಸರಕು ವಿನಿಮಯ ಸಂಸ್ಥೆಯೂ ಸಮಪಾಲಿನಲ್ಲಿ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಕಂಪನಿಯನ್ನು ಸ್ಥಾಪಿಸಿದವು. 2014ರ ಫೆಬ್ರವರಿ 22ರಂದು ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. ಇದೇ ಮಾದರಿಯ ಮೇಲೆ ಕೇಂದ್ರ ಸರ್ಕಾರವು 2016ರ ಏಪ್ರಿಲ್ 14ರಂದು 8 ರಾಜ್ಯಗಳ 21 ಮಂಡಿಗಳಲ್ಲಿ ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಯನ್ನು ಪ್ರಾರಂಭಿಸಿತು. 2020ರ ಮೇ ತಿಂಗಳ ಹೊತ್ತಿಗೆ ಅದು 1,000 ಮಂಡಿಗಳಿಗೆ ವಿಸ್ತರಿಸಿತು.

ಇ-ಟೆಂಡರ್ ನಡೆಯುವ ಬಗೆಯನ್ನು ರೈತರು ಸರಿಯಾಗಿ ತಿಳಿದಿರಬೇಕು. ಮಾಲು ಪ್ರಾಂಗಣದ ಬಾಗಿಲಿಗೆ ಬಂದಾಗ ರೈತನ ಹೆಸರು, ಊರು, ಉತ್ಪನ್ನ, ಚೀಲಗಳ ಸಂಖ್ಯೆ ಮತ್ತು ದಲಾಲರ ಅಂಗಡಿಯ ಹೆಸರನ್ನು ನಮೂದಿಸಿ ಆ ರಾಶಿಗೆ ಒಂದು ಲಾಟ್ ಸಂಖ್ಯೆಯನ್ನು ಕೊಡಲಾಗುತ್ತದೆ. ವರ್ತಕರು ರಾಶಿಗಳನ್ನು ಕಣ್ಣಾರೆ ನೋಡಿ, ಗೊತ್ತುಪಡಿಸಿದ ವೇಳೆಯೊಳಗೆ ತಮ್ಮ ದರವನ್ನು ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ದಾಖಲಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ವೇಳೆ ಮುಗಿದ ಕೂಡಲೇ ಪ್ರತಿ ಲಾಟಿಗೂ ಹೆಚ್ಚು ದರ ಹಾಕಿದವರ ಹೆಸರು ಪ್ರಕಟವಾಗುತ್ತದೆ. ದರ ಒಪ್ಪಿಗೆಯಾದರೆ ತೂಕ, ಪಟ್ಟಿ ಮತ್ತು ಹಣ ಪಾವತಿ ನಡೆಯುತ್ತದೆ. ಒಪ್ಪಿಗೆಯಾಗದಿದ್ದರೆ ಟೆಂಡರನ್ನು ನಿರಾಕರಿಸುವ ಹಕ್ಕು ರೈತನಿಗೆ ಇದೆ. ಈ ಕೊನೆಯ ಮಾತು ಬಹು ಮುಖ್ಯವಾದುದು.

ಈ ವ್ಯವಸ್ಥೆಯಿಂದ ಆದ ಪರಿಣಾಮವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ರೆಟ್ಸೆಫ್ ಲೆವಿ ಮತ್ತು ಅವರ ಸಹೋದ್ಯೋಗಿಗಳು ಮಾರುಕಟ್ಟೆಗಳ ಅಂಕಿ-ಅಂಶಗಳಿಂದ ವಿಶ್ಲೇಷಿಸಿ 2020ರಲ್ಲಿ ಪ್ರಕಟಿಸಿದರು. ಲೇಖಕರಲ್ಲಿ ಒಬ್ಬರು ಈ ವೇದಿಕೆಯನ್ನು ನಡೆಸುತ್ತಿದ್ದ ಕಂಪನಿಯ ಮುಖ್ಯಸ್ಥರಾಗಿದ್ದರೆಂಬುದನ್ನೂ ಓದುಗರು ಗಮನದಲ್ಲಿಡಬೇಕು. ಅವರ ಲೆಕ್ಕದಂತೆ 2019ರ ನವೆಂಬರ್‌ವರೆಗೆ ಈ ವೇದಿಕೆಯ ಮೂಲಕ 6 ಕೋಟಿ 28 ಲಕ್ಷ ಟನ್ ಉತ್ಪನ್ನ ಮಾರಾಟವಾಗಿತ್ತು. ಆರು ಬೆಳೆಗಳಲ್ಲಿ ಮಾದರಿ ಧಾರಣೆಯ ಮೇಲೆ ಆದ ಪರಿಣಾಮ ಹೀಗಿದೆ:

ಭತ್ತ: ಶೇಕಡಾ 5.1 ಹೆಚ್ಚಳ.
ನೆಲಗಡಲೆ: ಶೇಕಡಾ 3.6 ಹೆಚ್ಚಳ.
ಮುಸುಕಿನ ಜೋಳ: ಶೇಕಡಾ 3.5 ಹೆಚ್ಚಳ.
ಹತ್ತಿ, ಹೆಸರು, ತೊಗರಿ: ಗಣನೀಯ ಬದಲಾವಣೆ ಇಲ್ಲ.

ಶೇಕಡಾ ಮೂರು-ನಾಲ್ಕು ಎಂದರೆ ಅಲ್ಪವೆಂದು ತೋರಬಹುದು. ಆದರೆ ರೈತನ ನಿವ್ವಳ ಲಾಭವೇ ಅಲ್ಪವಾಗಿರುವುದರಿಂದ ಇದರ ಬೆಲೆ ದೊಡ್ಡದು. ಉದಾಹರಣೆಗೆ ಒಂದು ಕ್ವಿಂಟಾಲ್ ನೆಲಗಡಲೆ ಬೆಳೆಯಲು ರೂ. 5,000 ಖರ್ಚಾಗಿ ಧಾರಣೆ ರೂ. 5,300 ದೊರೆಯಿತೆಂದು ಇಟ್ಟುಕೊಳ್ಳೋಣ. ಉಳಿಯುವುದು ರೂ. 300. ಧಾರಣೆ ಶೇಕಡಾ 3.6ರಷ್ಟು ಏರಿದರೆ ರೂ. 191 ಹೆಚ್ಚು ಬಂದು ಉಳಿತಾಯ ರೂ. 491 ಆಗುತ್ತದೆ. ಖರ್ಚು ಬದಲಾಗದಿರುವುದರಿಂದ ಲಾಭವು ಶೇಕಡಾ 60ಕ್ಕೂ ಮೀರಿ ಬೆಳೆದಂತಾಯಿತು. ಇದೇ ಲೆಕ್ಕ ಹಿಂದುಮುಂದಾಗಿಯೂ ಸತ್ಯ. ಮಾರಾಟದಲ್ಲಿ ಶೇಕಡಾ ನಾಲ್ಕು ಕಳೆದುಕೊಂಡವನು ತನ್ನ ಲಾಭದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತಾನೆ.

ಎಲ್ಲ ಬೆಳೆಗೂ ಒಂದೇ ಫಲ ಏಕಿಲ್ಲ?

ಒಂದೇ ರಾಜ್ಯ, ಒಂದೇ ಯಂತ್ರ, ಒಂದೇ ನಿಯಮ ಇದ್ದರೂ ಭತ್ತಕ್ಕೆ ದೊರೆತ ಲಾಭ ತೊಗರಿಗೆ ದೊರೆಯಲಿಲ್ಲ. ಸಾಗಾಣಿಕೆಯ ತೊಡಕು, ದರ ಹಾಕುವ ಕೆಲಸದ ಸುಲಭತೆ, ಮಾರುಕಟ್ಟೆಯಲ್ಲಿ ಕೆಲವೇ ವರ್ತಕರ ಹಿಡಿತ, ಬೆಲೆ ನಿರ್ಧಾರವಾಗುವ ವಿಧಾನ, ಈ ನಾಲ್ಕು ಅಂಶಗಳು ಫಲಿತಾಂಶದ ಏರುಪೇರಿಗೆ ಕಾರಣವೆಂದು ಸಂಶೋಧಕರು ಸೂಚಿಸಿದ್ದಾರೆ. ಇವನ್ನು ಹೊಲದ ಭಾಷೆಯಲ್ಲಿ ಬಿಡಿಸಿ ನೋಡುವುದು ಉಚಿತ.

ದಾವಣಗೆರೆಯ ವರ್ತಕನು ಚಳ್ಳಕೆರೆಯ ರಾಶಿಗೆ ಕುಳಿತಲ್ಲಿಂದಲೇ ದರ ಹಾಕಬಹುದೆಂದು ನಿಯಮ ಹೇಳಬಹುದು. ಆದರೆ ಕೊಂಡ ಮಾಲನ್ನು ಅಲ್ಲಿಂದ ತರಲು ಲಾರಿ, ಹಮಾಲರು, ನೋಡಿಕೊಳ್ಳುವ ನಂಬಿಗಸ್ತ ಇವೆಲ್ಲ ಬೇಕು. ಅದಕ್ಕಿಂತಲೂ ಹೆಚ್ಚಾಗಿ, ಕಣ್ಣಿಂದ ನೋಡದ ಮಾಲಿನ ಗುಣದ ಬಗ್ಗೆ ಅವನಿಗೆ ಭರವಸೆ ಬೇಕು. ತೇವಾಂಶ ಎಷ್ಟು, ಕಸಕಡ್ಡಿ ಎಷ್ಟು, ಹುಳು ತಿಂದ ಕಾಳು ಎಷ್ಟು ಎಂಬುದು ಅಂಕಿಯಲ್ಲಿ ಬರೆದಿರದಿದ್ದರೆ ದೂರದ ವರ್ತಕನು ಒಂದೋ ದರವನ್ನೇ ಹಾಕುವುದಿಲ್ಲ, ಇಲ್ಲವೇ ನಷ್ಟದ ಭಯಕ್ಕೆ ಕಡಿಮೆ ದರ ಹಾಕುತ್ತಾನೆ. ಒಂದು ರಾಜ್ಯದ ವರ್ತಕನು ಇನ್ನೊಂದು ರಾಜ್ಯದ ಮಂಡಿಯಲ್ಲಿ ಇ-ನಾಮ್ ಮೂಲಕ ಕೊಳ್ಳುವ ಪ್ರಮಾಣ ಒಟ್ಟು ವಹಿವಾಟಿನಲ್ಲಿ ಸಣ್ಣ ಪಾಲಾಗಿ ಉಳಿಯಲು ಇದೇ ಒಂದು ಮುಖ್ಯ ಕಾರಣ. ಗಣಕಯಂತ್ರವು ಗೋಡೆಯನ್ನು ಒಡೆದಿದೆ. ಆದರೆ ಗೋಡೆಯಾಚೆಗಿನ ಮಾಲನ್ನು ನಂಬಿಕೆಯಿಂದ ಕೊಳ್ಳಲು ಬೇಕಾದ ಗುಣಪರೀಕ್ಷೆ ಇನ್ನೂ ಅದರ ವೇಗಕ್ಕೆ ಬಂದಿಲ್ಲ.

ಮಾಲಿನ ಪೂರೈಕೆಯೇ ಬೇಡಿಕೆಯನ್ನು ಮೀರಿದಾಗ ಯಾವ ಯಂತ್ರವೂ ಬೆಲೆಯನ್ನು ಎತ್ತಿ ಹಿಡಿಯಲಾರದೆಂಬುದನ್ನು ಸಹ ನೆನಪಿಡಬೇಕು. 2024ರ ಮಾರ್ಚ್ ತಿಂಗಳಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿಯ ಭಾರೀ ಆವಕವಾಗಿ ಧಾರಣೆ ಕುಸಿದಾಗ ರೈತರ ಸಿಟ್ಟು ಕಟ್ಟೆಯೊಡೆದು ಮಾರುಕಟ್ಟೆ ಸಮಿತಿಯ ಕಚೇರಿ ಮತ್ತು ವಾಹನಗಳಿಗೆ ಬೆಂಕಿ ಬಿದ್ದ ಘಟನೆ ಎಲ್ಲರಿಗೂ ತಿಳಿದಿದೆ. ವರ್ಷದ ದುಡಿಮೆಯನ್ನು ಲಾರಿಯಲ್ಲಿ ಹೇರಿ ತಂದವನಿಗೆ ಆ ದಿನ ಮಾರುವುದರ ಹೊರತು ಬೇರೆ ದಾರಿ ಕಾಣದಿರುವುದೇ ಇಂಥ ಸಂಕಟದ ಮೂಲ.

ಮೂರನೆಯ ಹಂತ: ಹರಾಜಿನ ವಿನ್ಯಾಸ

ಇತ್ತೀಚಿನ ವರ್ಷಗಳಲ್ಲಿ ಸಂಶೋಧನೆಯು ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿದೆ. ಟೆಂಡರ್ ನಡೆಸುವ ಕ್ರಮವನ್ನೇ ಬದಲಿಸಿದರೆ ಧಾರಣೆ ಏರುವುದೇ ಎಂಬುದು ಈಗಿನ ಪ್ರಶ್ನೆ.

ಗುಟ್ಟಿನ ಟೆಂಡರಿನಲ್ಲಿ ವರ್ತಕನು ತನಗೆ ಮಾಲು ಎಷ್ಟು ಬಾಳುತ್ತದೋ ಅಷ್ಟು ದರವನ್ನು ಎಂದೂ ಹಾಕುವುದಿಲ್ಲ. ಇತರರು ಎಷ್ಟು ಹಾಕಬಹುದೆಂದು ಅಂದಾಜು ಮಾಡಿ ಅದಕ್ಕಿಂತ ತುಸು ಮೇಲೆ ಹಾಕುತ್ತಾನೆ. ತೊಗರಿಯ ಒಂದು ರಾಶಿಗೆ ಮೂವರು ವರ್ತಕರಿದ್ದಾರೆಂದು ಊಹಿಸೋಣ. ಮೊದಲನೆಯವನಿಗೆ ಅದು ಕ್ವಿಂಟಾಲಿಗೆ ರೂ. 7,500 ಬಾಳುತ್ತದೆ, ಎರಡನೆಯವನಿಗೆ ರೂ. 7,400, ಮೂರನೆಯವನಿಗೆ ರೂ. 7,100. ಅವರು ಕ್ರಮವಾಗಿ ರೂ. 7,300, ರೂ. 7,200 ಮತ್ತು ರೂ. 7,000 ದರ ಹಾಕಿದರೆ ಮಾಲು ರೂ. 7,300ಕ್ಕೆ ಹೋಗುತ್ತದೆ. ಎರಡನೆಯವನು ಇನ್ನೂ ರೂ. 200 ಏರಿಸಲು ಸಿದ್ಧನಿದ್ದರೂ ಅವನಿಗೆ ಅವಕಾಶವಿಲ್ಲ.

ಇದನ್ನು ಸರಿಪಡಿಸಲು ಅದೇ ಸಂಶೋಧಕರ ತಂಡವು ಎರಡು ಸುತ್ತಿನ ಟೆಂಡರನ್ನು ರೂಪಿಸಿತು. ಮೊದಲ ಸುತ್ತಿನಲ್ಲಿ ಎಂದಿನಂತೆ ಗುಟ್ಟಾಗಿ ದರ ಹಾಕಬೇಕು. ಅದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಮಾತ್ರ ಎರಡನೆಯ ಸುತ್ತಿನಲ್ಲಿ ದರ ಏರಿಸಲು ಅವಕಾಶ. ಮೇಲಿನ ಉದಾಹರಣೆಯಲ್ಲಿ ಮೊದಲ ಇಬ್ಬರು ಎರಡನೆಯ ಸುತ್ತಿಗೆ ಬಂದರೆಂದು ಭಾವಿಸಿದರೆ, ಒಬ್ಬನು ರೂ. 7,350ಕ್ಕೆ ಏರಿಸಬಹುದು, ಇನ್ನೊಬ್ಬನು ರೂ. 7,400ಕ್ಕೆ ಏರಿಸಬಹುದು. ರೈತನಿಗೆ ಕ್ವಿಂಟಾಲಿಗೆ ರೂ. 100 ಹೆಚ್ಚು ಸಿಕ್ಕಂತಾಯಿತು. ಮೊದಲ ಸುತ್ತಿನಲ್ಲಿ ತೀರ ಕಡಿಮೆ ಹಾಕಿದವನು ಎರಡನೆಯ ಸುತ್ತಿಗೇ ಬರಲಾರನಾದ್ದರಿಂದ ಆರಂಭದಲ್ಲಿಯೂ ಎಚ್ಚರದಿಂದ ಒಳ್ಳೆಯ ದರವನ್ನೇ ಹಾಕಬೇಕಾಗುತ್ತದೆ. 2019ರ ಫೆಬ್ರವರಿಯಿಂದ ಕರ್ನಾಟಕದ ಒಂದು ದೊಡ್ಡ ಮಾರುಕಟ್ಟೆಯಲ್ಲಿ ಬೇಳೆಕಾಳಿನ ಮಾರಾಟಕ್ಕೆ ಈ ಕ್ರಮವನ್ನು ಅಳವಡಿಸಿ ನೋಡಿದಾಗ ಧಾರಣೆಯು ಶೇಕಡಾ 4.7ರಷ್ಟು ಹೆಚ್ಚಿತೆಂದು ವರದಿಯಾಗಿದೆ. ಇಲ್ಲಿ ಹೊಸ ಯಂತ್ರವಿಲ್ಲ, ಹೊಸ ಕಟ್ಟಡವಿಲ್ಲ. ಬದಲಾದದ್ದು ನಿಯಮ ಮಾತ್ರ. ವ್ಯಾಪಾರ ತಂತ್ರಜ್ಞಾನವೆಂದರೆ ಯಂತ್ರವಷ್ಟೇ ಅಲ್ಲ, ಯಂತ್ರದೊಳಗೆ ಇಟ್ಟ ನಿಯಮವೂ ಹೌದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಕಾಯುವ ಶಕ್ತಿ

ಟೆಂಡರನ್ನು ನಿರಾಕರಿಸುವ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಸಾಲದ ಕಂತು, ಮಗಳ ಮದುವೆ, ಮುಂದಿನ ಬಿತ್ತನೆಯ ಖರ್ಚು ಎದುರಿಗಿರುವಾಗ ಎಷ್ಟು ಮಂದಿ ಆ ಹಕ್ಕನ್ನು ಚಲಾಯಿಸಬಲ್ಲರು? ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರುವುದರಿಂದ ಧಾರಣೆ ಇಳಿಯುತ್ತದೆ. ಆಮೇಲೆ ಏರಿದಾಗ ಮಾಲು ರೈತನ ಕೈಯಲ್ಲಿರುವುದಿಲ್ಲ.

ಈ ಸಮಸ್ಯೆ ನಮ್ಮ ದೇಶಕ್ಕೆ ಸೀಮಿತವಲ್ಲ. ಆಫ್ರಿಕದ ಕೆನ್ಯಾದಲ್ಲಿ ಮುಸುಕಿನ ಜೋಳದ ಸಣ್ಣ ಹಿಡುವಳಿದಾರರಿಗೆ ಸುಗ್ಗಿಯ ಹೊತ್ತಿನಲ್ಲಿಯೇ ಸಣ್ಣ ಸಾಲವನ್ನು ಕೊಟ್ಟು, ಜೋಳವನ್ನು ಕೂಡಿಟ್ಟು ತಡವಾಗಿ ಮಾರಲು ಅನುಕೂಲ ಮಾಡಿದ ಪ್ರಯೋಗದ ವರದಿ 2019ರಲ್ಲಿ ಪ್ರಕಟವಾಯಿತು. ಸಾಲವಾಗಿ ಪಡೆದ ಹಣದ ಮೇಲೆ ರೈತರಿಗೆ ಶೇಕಡಾ 29ರಷ್ಟು ಪ್ರತಿಫಲ ದೊರೆಯಿತು. ಹೆಚ್ಚು ರೈತರು ಸಾಲ ಪಡೆದ ಕಡೆಗಳಲ್ಲಿ ಸುಗ್ಗಿಯ ಧಾರಣೆ ಅಷ್ಟಾಗಿ ಇಳಿಯದೆ, ಸಾಲ ಪಡೆಯದವರಿಗೂ ಅದರ ಅನುಕೂಲ ಮುಟ್ಟಿತು.

ನಮ್ಮಲ್ಲಿ ಇದಕ್ಕೆ ಉಗ್ರಾಣ ರಸೀದಿಯ ಮಾರ್ಗವಿದೆ. 2007ರ ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆಯಂತೆ ನೋಂದಾಯಿತ ಉಗ್ರಾಣಗಳ ರಸೀದಿಯನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ಪಡೆಯಬಹುದು. 2017ರಿಂದ ಇಂಥ ರಸೀದಿಗಳನ್ನು ವಿದ್ಯುನ್ಮಾನ ರೂಪದಲ್ಲಿಯೂ ಕೊಡಲಾಗುತ್ತಿದೆ. ಕಾಗದದ ರಸೀದಿ ಕಳೆದುಹೋಗುವ ಅಥವಾ ನಕಲಾಗುವ ಭಯ ಇದರಲ್ಲಿಲ್ಲ.

ಆದರೆ ಕೂಡಿಡುವುದೆಲ್ಲ ಲಾಭವೆಂದು ತಿಳಿಯಬಾರದು. ಲೆಕ್ಕ ಹಾಕಿಯೇ ಮುಂದುವರಿಯಬೇಕು. ಮುಸುಕಿನ ಜೋಳದ ಧಾರಣೆ ಸುಗ್ಗಿಯಲ್ಲಿ ಕ್ವಿಂಟಾಲಿಗೆ ರೂ. 1,900 ಇದೆಯೆಂದೂ, ನಾಲ್ಕು ತಿಂಗಳು ಇಡಬೇಕೆಂದೂ ಇಟ್ಟುಕೊಳ್ಳೋಣ. ಉಗ್ರಾಣದ ಬಾಡಿಗೆ ತಿಂಗಳಿಗೆ ರೂ. 10ರಂತೆ ರೂ. 40, ರೂ. 1,330 ಸಾಲದ ಮೇಲೆ ವರ್ಷಕ್ಕೆ ಶೇಕಡಾ 9ರ ಬಡ್ಡಿ ನಾಲ್ಕು ತಿಂಗಳಿಗೆ ಸುಮಾರು ರೂ. 40, ತೂಕದ ಇಳಿತ ಶೇಕಡಾ ಒಂದೂವರೆಯಂತೆ ಸುಮಾರು ರೂ. 30; ಹೆಚ್ಚಿನ ಸಾಗಾಣಿಕೆ ಮತ್ತು ಹಮಾಲಿ ರೂ. 20. ಒಟ್ಟು ರೂ. 130. ಎಂದರೆ ನಾಲ್ಕು ತಿಂಗಳ ನಂತರದ ಧಾರಣೆ ರೂ. 2,030ನ್ನು ಮೀರಿದರೆ ಮಾತ್ರ ಕಾದದ್ದು ಸಾರ್ಥಕ. ಈ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ರೈತರು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು.

ಮುಂದೆ ಸಾಗಬೇಕಾದ ದಿಕ್ಕು

ಈವರೆಗಿನ ಅನುಭವದ ಆಧಾರದ ಮೇಲೆ ಮುಂದಿನ ಸಂಶೋಧನೆ ಕೆಳಗಿನ ವಿಷಯಗಳ ಕಡೆಗೆ ತಿರುಗುವುದು ಅವಶ್ಯಕವಾಗಿದೆ.

ಮೊದಲನೆಯದು, ಶೀಘ್ರ ಗುಣಪರೀಕ್ಷೆ. ಕಾಳಿನ ಛಾಯಾಚಿತ್ರ ತೆಗೆದು ಒಡಕು, ಹುಳುಕು, ಬೆರಕೆಗಳನ್ನು ಗಣಕಯಂತ್ರವೇ ಎಣಿಸುವ ಸಾಧನಗಳು ರೂಪುಗೊಂಡಿವೆ. ಸುಗ್ಗಿಯ ಕಾಲದ ನೂರಾರು ರಾಶಿಗಳನ್ನು ಟೆಂಡರಿನ ವೇಳೆಗೆ ಮುಂಚೆ ಪರೀಕ್ಷಿಸಿ ಮುಗಿಸಲು ಅವು ಶಕ್ತವೇ, ಬೇರೆ ಬೇರೆ ತಳಿಗಳಲ್ಲಿ ಅವುಗಳ ಎಣಿಕೆ ಸರಿಬರುವುದೇ ಎಂಬುದನ್ನು ಪ್ರತಿ ಬೆಳೆಯಲ್ಲಿಯೂ ಪರಿಶೀಲಿಸಬೇಕಾಗಿದೆ. ಯಂತ್ರವು ತಪ್ಪು ಹೇಳಿದಾಗ ರೈತನು ಮರುಪರೀಕ್ಷೆ ಕೇಳುವ ಏರ್ಪಾಡೂ ಇರಬೇಕು.

ಎರಡನೆಯದು, ಬೆಲೆಯ ಮುನ್ಸೂಚನೆ. ಹಿಂದಿನ ವರ್ಷಗಳ ಆವಕ, ಧಾರಣೆ ಮತ್ತು ಮಳೆಯ ಅಂಕಿಗಳಿಂದ ಮುಂದಿನ ಧಾರಣೆಯನ್ನು ಅಂದಾಜು ಮಾಡುವ ವಿಧಾನಗಳು ವೇಗವಾಗಿ ಬೆಳೆಯುತ್ತಿವೆ. ಆದರೆ ರಫ್ತು ನಿಷೇಧ, ಆಮದು ಸುಂಕದ ಬದಲಾವಣೆ ಮೊದಲಾದ ಸರ್ಕಾರಿ ತೀರ್ಮಾನಗಳು ಇಂಥ ಅಂದಾಜುಗಳನ್ನು ಒಂದೇ ದಿನದಲ್ಲಿ ತಲೆಕೆಳಗು ಮಾಡಬಲ್ಲವು. ಒಂದೇ ಮುನ್ಸೂಚನೆಯನ್ನು ನಂಬಿ ಎಲ್ಲರೂ ಒಂದೇ ಬೆಳೆ ಹಾಕಿದರೆ ಆ ಮುನ್ಸೂಚನೆಯೇ ಸುಳ್ಳಾಗುತ್ತದೆ. ಆದ್ದರಿಂದ ಒಂದು ಅಂಕಿಯನ್ನು ಹೇಳುವ ಬದಲು ಧಾರಣೆ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು ತಿಳಿಸುವ ಪದ್ಧತಿ ಹೆಚ್ಚು ಪ್ರಾಮಾಣಿಕವಾದುದು.

ಮೂರನೆಯದು, ಸಣ್ಣ ರೈತರ ಸ್ಥಾನ. ನಾಲ್ಕು ಚೀಲ ತರುವವನ ರಾಶಿಗೆ ದೂರದ ವರ್ತಕನು ದರ ಹಾಕುವುದು ವಿರಳ. ರೈತ ಉತ್ಪಾದಕ ಸಂಸ್ಥೆಗಳು ಸದಸ್ಯರ ಮಾಲನ್ನು ದರ್ಜೆವಾರು ಕೂಡಿಸಿ ಲಾರಿಯಷ್ಟು ದೊಡ್ಡ ಲಾಟ್ ಮಾಡಿದರೆ ಪೈಪೋಟಿ ಎಷ್ಟು ಹೆಚ್ಚುತ್ತದೆ, ಆ ಲಾಭ ಸದಸ್ಯನ ಕೈ ಸೇರುತ್ತದೆಯೇ ಎಂಬುದನ್ನು ಬೆಳೆವಾರು ಅಳೆದು ನೋಡಬೇಕು.

ನಾಲ್ಕನೆಯದು, ದಲಾಲರೊಡನೆ ಇರುವ ಸಾಲದ ಸಂಬಂಧ. ಬಿತ್ತನೆಗೆ ಮುಂಗಡ ಕೊಟ್ಟ ದಲಾಲನ ಅಂಗಡಿಗೇ ಮಾಲು ಹೋಗಬೇಕಾದಾಗ ಯಾವ ವೇದಿಕೆಯಿಂದಲೂ ರೈತನಿಗೆ ಆಯ್ಕೆಯ ಸ್ವಾತಂತ್ರ್ಯ ಬಾರದು. ಮಾರಾಟದ ಸಂಶೋಧನೆಯನ್ನು ಸಾಲದ ಸಂಶೋಧನೆಯಿಂದ ಬೇರ್ಪಡಿಸಿ ನಡೆಸುವುದರಲ್ಲಿ ಅರ್ಥವಿಲ್ಲ.

ಐದನೆಯದು, ಅಂಕಿ-ಅಂಶಗಳ ಒಡೆತನ. ಯಾವ ರೈತ, ಯಾವ ದಿನ, ಎಷ್ಟು ಮಾಲನ್ನು ಯಾವ ಅವಸರದಲ್ಲಿ ಮಾರುತ್ತಾನೆಂಬುದು ಈಗ ಯಂತ್ರದಲ್ಲಿ ದಾಖಲಾಗುತ್ತದೆ. ಈ ದಾಖಲೆ ಕೊಳ್ಳುವವನ ಕೈಯಲ್ಲಿ ಮಾತ್ರ ಇದ್ದರೆ ಅದು ರೈತನ ವಿರುದ್ಧವೇ ಬಳಕೆಯಾಗುವ ಸಂಭವವಿದೆ.

ರೈತರು ಈಗಲೇ ಅನುಸರಿಸಬಹುದಾದ ಕ್ರಮಗಳು

1. ಮಾರುವುದಕ್ಕೆ ಮುನ್ನ ಕನಿಷ್ಠ ಮೂರು ಮಾರುಕಟ್ಟೆಗಳ ಧಾರಣೆಯನ್ನು ಕೃಷಿ ಮಾರಾಟವಾಹಿನಿಯಲ್ಲಾಗಲಿ ಇ-ನಾಮ್‌ನಲ್ಲಾಗಲಿ ನೋಡಿಕೊಳ್ಳಬೇಕು. ಗರಿಷ್ಠ ಧಾರಣೆಯನ್ನು ನೋಡಿ ಮೋಸ ಹೋಗದೆ, ಹೆಚ್ಚಿನ ಮಾಲು ಮಾರಾಟವಾದ ಮಾದರಿ ಧಾರಣೆಯನ್ನು ಗಮನಿಸಬೇಕು. ಅದರಲ್ಲಿ ಸಾಗಾಣಿಕೆ ವೆಚ್ಚವನ್ನು ಕಳೆದು ಹೋಲಿಸಬೇಕು.

2. ಕಾಳನ್ನು ಒಣಗಿಸಿ, ತೂರಿ, ಜರಡಿ ಹಿಡಿದು, ದರ್ಜೆ ಮಾಡಿ ತರಬೇಕು. ಒಳ್ಳೆಯದನ್ನೂ ಕಳಪೆಯನ್ನೂ ಬೆರೆಸಿದರೆ ಇಡೀ ರಾಶಿಗೆ ಕಳಪೆಯ ಬೆಲೆ ಬರುತ್ತದೆ.

3. ಒಣಗಿಸುವುದರ ಲೆಕ್ಕವನ್ನು ತಿಳಿದಿರಬೇಕು. ಶೇಕಡಾ 18 ತೇವಾಂಶವಿರುವ 100 ಕಿಲೋ ಮುಸುಕಿನ ಜೋಳವನ್ನು ಶೇಕಡಾ 14ಕ್ಕೆ ಒಣಗಿಸಿದರೆ ತೂಕ ಸುಮಾರು 95.3 ಕಿಲೋಗೆ ಇಳಿಯುತ್ತದೆ. ಹಸಿ ಕಾಳಿಗೆ ರೂ. 1,900 ಇದ್ದಾಗ ಒಣ ಕಾಳಿಗೆ ಸುಮಾರು ರೂ. 1,993ಕ್ಕಿಂತ ಹೆಚ್ಚು ದೊರೆತರೆ ಮಾತ್ರ ಒಣಗಿಸಿದ್ದಕ್ಕೆ ಧಾರಣೆಯಲ್ಲಿ ಪ್ರತಿಫಲ ಸಿಕ್ಕಂತೆ. ಆದರೆ ಕೂಡಿಡುವ ಮಾಲನ್ನು ಒಣಗಿಸಲೇಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿದು ಪೂರ್ಣ ನಷ್ಟವಾಗುತ್ತದೆ.

4. ಪ್ರಾಂಗಣದ ಬಾಗಿಲಲ್ಲಿ ಲಾಟ್ ಸಂಖ್ಯೆಯನ್ನು ಕೇಳಿ ಪಡೆಯಬೇಕು. ತಮ್ಮದೇ ಮೊಬೈಲ್ ಸಂಖ್ಯೆಯನ್ನು ಕೊಡಬೇಕು, ದಲಾಲರದನ್ನು ಕೊಡಬಾರದು. ಟೆಂಡರಿನ ಫಲಿತಾಂಶ ತಮಗೇ ನೇರವಾಗಿ ಬರುವುದು ಇದರಿಂದ ಸಾಧ್ಯ.

5. ಎಷ್ಟು ಮಂದಿ ವರ್ತಕರು ತಮ್ಮ ಲಾಟಿಗೆ ದರ ಹಾಕಿದರೆಂಬುದನ್ನು ವಿಚಾರಿಸಬೇಕು. ಒಬ್ಬರೋ ಇಬ್ಬರೋ ಮಾತ್ರ ಹಾಕಿದ್ದು ಧಾರಣೆಯೂ ಕಡಿಮೆಯಿದ್ದರೆ ನಿರಾಕರಿಸಿ ಮಾರನೆಯ ಟೆಂಡರಿಗೆ ಇಡುವುದು ಒಳ್ಳೆಯದು.

6. ಪಟ್ಟಿಯಲ್ಲಿ ಬರೆಯದ ಯಾವ ಕಡಿತವನ್ನೂ ಒಪ್ಪಬಾರದು. ತೂಕ, ದರ ಮತ್ತು ಒಟ್ಟು ಹಣ ಸರಿಯಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಬೇಕು.

7. ಇಡೀ ಬೆಳೆಯನ್ನು ಒಂದೇ ದಿನ ಮಾರದೆ, ಅವಸರದ ಖರ್ಚಿಗೆ ಬೇಕಾದಷ್ಟನ್ನು ಸುಗ್ಗಿಯಲ್ಲಿ ಮಾರಿ ಉಳಿದುದನ್ನು ಎರಡು ಕಂತುಗಳಲ್ಲಿ ಮಾರುವುದರಿಂದ ಧಾರಣೆಯ ಏರಿಳಿತದ ಪೆಟ್ಟು ಕಡಿಮೆಯಾಗುತ್ತದೆ.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಬೀಜ-ಗೊಬ್ಬರಗಳ ಪ್ರಾತ್ಯಕ್ಷಿಕೆಯಂತೆಯೇ ಮಾರಾಟದ ಪ್ರಾತ್ಯಕ್ಷಿಕೆಯನ್ನೂ ಏರ್ಪಡಿಸಬೇಕಾಗಿದೆ. ಸುಗ್ಗಿಗೆ ಮುಂಚೆ ಹತ್ತಿಪ್ಪತ್ತು ರೈತರನ್ನು ಮಾರುಕಟ್ಟೆಗೆ ಕರೆದೊಯ್ದು, ಬಾಗಿಲ ನಮೂದಿನಿಂದ ಹಣ ಪಾವತಿಯವರೆಗಿನ ಪ್ರತಿಯೊಂದು ಹಂತವನ್ನೂ ತೋರಿಸಬಹುದು. ಒಂದೇ ಊರಿನ ಒಂದೇ ತಳಿಯ ಕಾಳನ್ನು ಎರಡು ಭಾಗ ಮಾಡಿ, ಒಂದನ್ನು ಇದ್ದಂತೆಯೇ, ಇನ್ನೊಂದನ್ನು ಒಣಗಿಸಿ ದರ್ಜೆ ಮಾಡಿ ಒಂದೇ ದಿನದ ಟೆಂಡರಿಗೆ ಇಟ್ಟು ವ್ಯತ್ಯಾಸವನ್ನು ತೋರಿಸಿದರೆ ಹತ್ತು ಭಾಷಣಗಳಿಗಿಂತ ಹೆಚ್ಚಿನ ಪರಿಣಾಮವಾಗುತ್ತದೆ. ಹೊಸ ಸೇವೆಯೊಂದು ಊರಿಗೆ ಬಂದಾಗ ಅದನ್ನು ಹೊಗಳುವುದಕ್ಕೆ ಮುಂಚೆ ಎರಡು ಪ್ರಶ್ನೆಗಳನ್ನು ಕೇಳಬೇಕು: ಇದರಿಂದ ರೈತನಿಗೆ ಕೊಳ್ಳುವವರು ಹೆಚ್ಚಾಗುವರೇ? ಇದರಿಂದ ರೈತನು ಕಾಯಬಲ್ಲನೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ಸೇವೆಯಿಂದ ರೈತನಿಗೆ ಧಾರಣೆ ಹೆಚ್ಚುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಸಂತೆಗೆ ಹೋದವನಿಗೆ ಹಿಂದಿರುಗುವ ದಾರಿಯೂ ಇದ್ದರೆ ಮಾತ್ರ ಅವನು ಧೈರ್ಯದಿಂದ ಚೌಕಾಸಿ ಮಾಡಬಲ್ಲ. ಗಣಕಯಂತ್ರ, ಮೊಬೈಲ್, ವಿದ್ಯುನ್ಮಾನ ರಸೀದಿ ಇವೆಲ್ಲವೂ ಆ ದಾರಿಯನ್ನು ಅಗಲ ಮಾಡುವ ಸಾಧನಗಳು. ಅವುಗಳನ್ನು ಅರಿತು ಬಳಸಿಕೊಂಡು, ಬೆಳೆಯುವುದರಲ್ಲಿ ತೋರುವ ಶ್ರದ್ಧೆಯನ್ನು ಮಾರುವುದರಲ್ಲಿಯೂ ತೋರಿದರೆ ರೈತ ಬಾಂಧವರು ತಮ್ಮ ಬೆವರಿಗೆ ತಕ್ಕ ಬೆಲೆಯನ್ನು ಪಡೆಯುವುದು ಸಾಧ್ಯವಾಗುತ್ತದೆ.